ಓದುಗರ ಪ್ರಶ್ನೆ: ಬೇಸ್‌ಬಾಲ್ ನೋಡಲು, ಓದಲು, ಲೆಕ್ಕ ಹಾಕಲು ಯಾವ ಜಾಲತಾಣ?

ಕೊಡಗಿನ ಓದುಗರಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಹಲವು ಬೇಸ್‌ಬಾಲ್ ಕುರಿತಾಗಿವೆ. ಹೂಮಳೆಯ ಹೊತ್ತಿಗೆ, ಅಂದರೆ ಮಾರ್ಚ್ ಕೊನೆಗೆ, ಅಮೆರಿಕದ ಮೇಜರ್ ಲೀಗ್ (ಎಂಎಲ್‌ಬಿ) ಶುರುವಾಗುತ್ತದೆ. ಕಾವೇರಿ ಸಂಕ್ರಮಣ ಕಳೆದ ಮೇಲೆ ಅದರ ಫೈನಲ್ ಆದ ವರ್ಲ್ಡ್ ಸೀರೀಸ್ ನಡೆಯುತ್ತದೆ. ಉಪಯೋಗಕ್ಕೆ ಬರುವ ತಾಣಗಳು ಯಾವುವು, ಬಳಸುವಾಗ ಎಲ್ಲಿ ಎಡವುತ್ತೇವೆ ಎಂಬುದನ್ನು ಪ್ರಶ್ನೆಗೆ ತಕ್ಕಂತೆ ಹೇಳಿದ್ದೇವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಎಲ್ಲರೂ ಹಾಕಿ, ಕ್ರಿಕೆಟ್ ನೋಡುವವರು. ಜಪಾನಿನ ಆಟಗಾರ ಶೋಹೇ ಓಹ್ತಾನಿಯ ಆಟ ನೋಡಿ ನನಗೆ ಬೇಸ್‌ಬಾಲ್ ಹಿಡಿಸಿದೆ. ಆದರೆ ಸ್ಕೋರ್‌ಕಾರ್ಡ್ ತಲೆಬುಡ ತಿಳಿಯುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?
(ಓದುಗರು, ಮಡಿಕೇರಿ)

ಉತ್ತರ: ಎಂಎಲ್‌ಬಿ ಡಾಟ್ ಕಾಮ್‌ನ ‘ಗೇಮ್‌ಡೇ’ ಪುಟದಿಂದ ಶುರು ಮಾಡಿ. ಹಣ ಕೊಡಬೇಕಿಲ್ಲ. ಪಿಚರ್ ಎಸೆದ ಒಂದೊಂದು ಚೆಂಡೂ ಎಲ್ಲಿ ಹೋಯಿತು, ಎಷ್ಟು ವೇಗದಲ್ಲಿ ಹೋಯಿತು, ಸ್ಟ್ರೈಕೋ (ಬ್ಯಾಟರ್ ವಿರುದ್ಧ ಎಣಿಕೆ) ಬಾಲೋ (ಪಿಚರ್ ವಿರುದ್ಧ ಎಣಿಕೆ) ಎಂದು ಚೌಕದೊಳಗೆ ಚುಕ್ಕಿಯಾಗಿ ಮೂಡುತ್ತದೆ. ಕ್ರಿಕೆಟ್ ನೋಡಿದವರಿಗೆ ಮೊದಲು ಗಲಿಬಿಲಿಯಾಗುವುದು ‘ಪಿಚ್’ ಎಂಬ ಮಾತು. ಇಲ್ಲಿ ಅದು ನೆಲವಲ್ಲ, ಎಸೆದ ಚೆಂಡು. ವೇಗ ಮೈಲಿಯಲ್ಲಿರುತ್ತದೆ, 1.609ರಿಂದ ಗುಣಿಸಿದರೆ ಕಿಲೋಮೀಟರ್. 100 ಮೈಲಿ ಎಂದರೆ 161 ಕಿಲೋಮೀಟರ್, ಅದೂ 18.44 ಮೀಟರ್ ದೂರದಿಂದ.

ಸ್ಕೋರ್ ಪಟ್ಟಿಯಲ್ಲಿ ಮೇಲಿನ ಸಾಲು ಪ್ರವಾಸಿ ತಂಡದ್ದು, ಕೆಳಗಿನದು ಆತಿಥೇಯರದ್ದು. ಒಂಬತ್ತು ಕಾಲಂ ಒಂಬತ್ತು ಇನಿಂಗ್ಸ್‌ಗೆ. ಆಮೇಲಿನ ಆರ್, ಎಚ್, ಇ ಎಂದರೆ ರನ್, ಹಿಟ್ (ಚೆಂಡು ಹೊಡೆದು ಬೇಸ್ ಮುಟ್ಟಿದ್ದು), ಎರರ್ (ಫೀಲ್ಡರ್ ಮಾಡಿದ ತಪ್ಪು). ಆತಿಥೇಯರ ಒಂಬತ್ತನೇ ಮನೆಯಲ್ಲಿ ‘ಎಕ್ಸ್’ ಕಂಡರೆ ಮಾಹಿತಿ ತಪ್ಪಿಹೋಗಿದೆ ಎಂದುಕೊಳ್ಳಬೇಡಿ. ಅವರು ಆಗಲೇ ಮುಂದಿದ್ದರಿಂದ ಬ್ಯಾಟ್ ಮಾಡುವ ಅಗತ್ಯ ಬೀಳಲಿಲ್ಲ, ಅಷ್ಟೆ.

ಆಟಗಾರರ ಜಾಗಗಳಿಗೆ 1ರಿಂದ 9ರವರೆಗೆ ಅಂಕಿ ಇದೆ: ಪಿಚರ್ 1, ಕ್ಯಾಚರ್ 2, ಮೊದಲ ಬೇಸ್ 3, ಎರಡನೆಯದು 4, ಮೂರನೆಯದು 5, ಶಾರ್ಟ್‌ಸ್ಟಾಪ್ 6, ಎಡ ಔಟ್‌ಫೀಲ್ಡ್ 7, ನಡು 8, ಬಲ 9. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ಗೆ 6 ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಹೊಸಬರು ತಪ್ಪುವುದು ಅಲ್ಲೇ. ಅಷ್ಟು ಗೊತ್ತಾದರೆ ‘6-4-3 ಡಬಲ್ ಪ್ಲೇ’ ಎಂದು ಓದಿದಾಗ ಚೆಂಡು ಶಾರ್ಟ್‌ಸ್ಟಾಪ್ ಕೈಯಿಂದ ಎರಡನೇ ಬೇಸ್‌ಮನ್‌ಗೆ, ಅಲ್ಲಿಂದ ಮೊದಲ ಬೇಸ್‌ಗೆ ಹಾರಿ ಇಬ್ಬರು ಔಟಾದದ್ದು ಕಣ್ಣಿಗೆ ಕಟ್ಟುತ್ತದೆ.

ಪದಗಳಿಗೆ ಅದೇ ತಾಣದ ‘ಗ್ಲಾಸರಿ’ ಸಾಕು. ಅಧಿಕೃತ ನಿಯಮ ಪುಸ್ತಕವೂ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತದೆ. ಬೇರೆಡೆ ನಿಯಮಗಳ ಲೇಖನ ಓದುವಾಗ ಇಸವಿ ನೋಡಿ. 2023ರಲ್ಲಿ ಪಿಚರ್‌ಗೆ ಗಡಿಯಾರ ಬಂತು, ಬೇಸ್‌ನ ಅಗಲ 15 ಇಂಚಿನಿಂದ 18ಕ್ಕೆ ಏರಿತು. 2024ರಿಂದ ಬೇಸ್ ಖಾಲಿ ಇದ್ದಾಗ 15 ಸೆಕೆಂಡ್, ಓಟಗಾರ ಇದ್ದಾಗ 18 ಸೆಕೆಂಡ್. 2023ಕ್ಕಿಂತ ಹಳೆಯ ವಿವರಣೆಗಳಲ್ಲಿ ಇದೊಂದೂ ಇರುವುದಿಲ್ಲ.

ಪ್ರಶ್ನೆ: ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ ಎಂಬಂತಿರುತ್ತದೆ. ಪಂದ್ಯ ಯಾವ ಹೊತ್ತಿಗೆ ಎಂಬುದೂ ಲೆಕ್ಕಕ್ಕೆ ಸಿಗುತ್ತಿಲ್ಲ. ಹೇಗೆ ಹಿಂಬಾಲಿಸುವುದು?
(ತೋಟದ ಕೆಲಸದವರು, ನಾಪೋಕ್ಲು)

ಉತ್ತರ: ಹೊತ್ತಿನ ಲೆಕ್ಕ ಮೊದಲು. ಮಾರ್ಚ್ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಷಿಕಾಗೊ ಹತ್ತೂವರೆ, ಲಾಸ್ ಏಂಜಲೀಸ್ ಹನ್ನೆರಡೂವರೆ. ಹಾಗಾಗಿ ನ್ಯೂಯಾರ್ಕಿನಲ್ಲಿ ರಾತ್ರಿ 7.05ರ ಆಟ ನಮಗೆ ಮರುದಿನ ಬೆಳಗಿನ ಜಾವ 4.35ಕ್ಕೆ. ಲಾಸ್ ಏಂಜಲೀಸಿನ 7.10ರ ಆಟ ಬೆಳಿಗ್ಗೆ 7.40ಕ್ಕೆ, ಕಾಫಿ ಕುಡಿಯುತ್ತಾ ನೋಡಬಹುದಾದ ಹೊತ್ತು. ನ್ಯೂಯಾರ್ಕಿನ ಭಾನುವಾರ ಮಧ್ಯಾಹ್ನ 1.35ರ ಆಟ ನಮಗೆ ಅದೇ ಭಾನುವಾರ ರಾತ್ರಿ 11.05ಕ್ಕೆ. ಆ್ಯಪ್‌ನಲ್ಲಿ ಸಮಯ ನಮ್ಮದಾಗಿದ್ದರೂ ಮೇಲಿನ ದಿನಾಂಕ ಅಮೆರಿಕದ್ದೇ ಇರುತ್ತದೆ. ಶುಕ್ರವಾರದ ಪಟ್ಟಿಯಲ್ಲಿ 4.35 ಎಂದು ಕಂಡದ್ದು ನಮ್ಮ ಶನಿವಾರದ ನಸುಕು. ಒಂದು ದಿನ ಮೊದಲೇ ಎದ್ದು ಕೂರುವವರು ಎಡವುವುದು ಇಲ್ಲಿ.

ಇನ್ನು ಡೇಟಾ. ಮೂರು ಗಂಟೆಯ ಆಟವನ್ನು ಸೆಕೆಂಡಿಗೆ 3 ಮೆಗಾಬಿಟ್‌ನ ವಿಡಿಯೊದಲ್ಲಿ ನೋಡಿದರೆ ಸುಮಾರು 4 ಜಿಬಿ ಹೋಗುತ್ತದೆ. ಗುಣಮಟ್ಟ ಇಳಿಸಿ 1 ಮೆಗಾಬಿಟ್‌ಗೆ ತಂದರೆ 1.35 ಜಿಬಿ. ಅದೇ ಆಟವನ್ನು 64 ಕಿಲೋಬಿಟ್‌ನ ರೇಡಿಯೊ ವೀಕ್ಷಕ ವಿವರಣೆಯಾಗಿ ಕೇಳಿದರೆ 90 ಎಂಬಿಯೊಳಗೆ ಮುಗಿಯುತ್ತದೆ. ಬೇಸ್‌ಬಾಲ್ ರೇಡಿಯೊಗೆ ಹೇಳಿ ಮಾಡಿಸಿದ ಆಟ. ಚೆಂಡಿಗೂ ಚೆಂಡಿಗೂ ನಡುವೆ ಬಿಡುವಿರುವುದರಿಂದ ವಿವರಣೆಗಾರರು ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. ಎಂಎಲ್‌ಬಿ ಆ್ಯಪ್‌ನಲ್ಲಿ ಧ್ವನಿಗಷ್ಟೇ ಚಂದಾ ಕಟ್ಟಬಹುದು, ವಿಡಿಯೊ ಚಂದಾಕ್ಕಿಂತ ಅದು ಅಗ್ಗ. ಸಿಗ್ನಲ್ ಒಂದೇ ಕಡ್ಡಿ ಇದ್ದರೆ ಗೇಮ್‌ಡೇಯ ಅಕ್ಷರಗಳೇ ಸಾಕು. ಆಟ ಮುಗಿದ ಮೇಲೆ ಎಂಎಲ್‌ಬಿಯ ಯೂಟ್ಯೂಬ್ ಚಾನೆಲ್‌ನಲ್ಲಿ ಮುಖ್ಯಾಂಶ ಬರುತ್ತದೆ. ಪೇಟೆಗೆ ಹೋದಾಗ ವೈಫೈನಲ್ಲಿ ಇಳಿಸಿಟ್ಟುಕೊಳ್ಳಿ.

ನಸುಕಿಗೆ ಏಳಲಾಗದವರು ಪೂರ್ವದ ಕಡೆ ತಿರುಗಿ. ಜಪಾನಿನ ಸಂಜೆ 6ರ ಆಟ ನಮಗೆ ಮಧ್ಯಾಹ್ನ 2.30ಕ್ಕೆ, ಕೊರಿಯಾದ 6.30ರ ಆಟ 3 ಗಂಟೆಗೆ. ಜಪಾನ್ ಲೀಗ್‌ನ ಅಧಿಕೃತ ತಾಣ ಎನ್‌ಪಿಬಿಯಲ್ಲಿ ಇಂಗ್ಲಿಷ್ ವಿಭಾಗವಿದೆ. ಕೊರಿಯಾದ ಅಂಕಿಗಳಿಗೆ ‘ಮೈಕೆಬಿಒ ಸ್ಟ್ಯಾಟ್ಸ್’ ನೋಡಿ.

ಪ್ರಶ್ನೆ: ಪುಕ್ಕಟೆ ಲೈವ್ ಲಿಂಕ್‌ಗಳು ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿವೆ. ‘ಇಂಥವನು ಇಂಥ ತಂಡಕ್ಕೆ ಹೋದ’ ಎಂಬ ಸುದ್ದಿಗಳೂ ಬರುತ್ತಿವೆ. ನಂಬಬಹುದೇ?
(ಓದುಗರು, ವಿರಾಜಪೇಟೆ)

ಉತ್ತರ: ಲಿಂಕ್ ಬೇಡ. ಪ್ಲೇಯರ್ ಅಪ್‌ಡೇಟ್ ಮಾಡಿ ಎಂದು ಎಪಿಕೆ ಫೈಲ್ ಇಳಿಸಲು ಹೇಳಿದರೆ ಅಲ್ಲಿಗೇ ಮುಚ್ಚಿ. ಅದು ನಿಮ್ಮ ಒಟಿಪಿ ಓದುವ ಆ್ಯಪ್ ಆಗಿರಬಹುದು. ಆಟಗಾರರ ವರ್ಗಾವಣೆ ಸುದ್ದಿಗೆ ‘ಎಂಎಲ್‌ಬಿ ಟ್ರೇಡ್ ರೂಮರ್ಸ್’ ಒಳ್ಳೆಯದು, ಸುದ್ದಿಯನ್ನು ಮೊದಲು ಕೊಟ್ಟವರು ಯಾರು ಎಂದು ಪ್ರತಿ ಬರಹದಲ್ಲೂ ಹೇಳುತ್ತದೆ. ಮಾತುಕತೆ ನಡೆದಿದೆ ಎನ್ನುವುದಕ್ಕೂ ಒಪ್ಪಂದ ಆಗಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಅಲ್ಲಿ ಗಮನಿಸಿ ಓದಿ. ಎಂಎಲ್‌ಬಿ ಡಾಟ್ ಕಾಮ್‌ನ ‘ಟ್ರಾನ್ಸಾಕ್ಷನ್ಸ್’ ಪುಟದಲ್ಲಿ ಬಂದ ಮೇಲೆ ಅದು ಪಕ್ಕಾ.

ಪ್ರಶ್ನೆ: ಒಬ್ಬನೇ ಪಿಚರ್, ಒಂದೇ ವರ್ಷ. ಬೇಸ್‌ಬಾಲ್ ರೆಫರೆನ್ಸ್‌ನಲ್ಲಿ ಅವನ ‘ವಾರ್’ ಒಂದು, ಫ್ಯಾನ್‌ಗ್ರಾಫ್ಸ್‌ನಲ್ಲಿ ಇನ್ನೊಂದು. ಯಾವುದು ಸರಿ?
(ಪದವಿ ವಿದ್ಯಾರ್ಥಿನಿ, ಗೋಣಿಕೊಪ್ಪ)

ಉತ್ತರ: ಎರಡೂ ಸರಿಯೇ, ಅವು ಕೇಳಿಕೊಂಡಿರುವ ಪ್ರಶ್ನೆ ಬೇರೆ. ತಂಡಗಳು ಯಾವಾಗ ಬೇಕಾದರೂ ಕಡಿಮೆ ಸಂಬಳಕ್ಕೆ ತಂದು ನಿಲ್ಲಿಸಬಹುದಾದ ಸಾಧಾರಣ ಬದಲಿ ಆಟಗಾರನಿಗಿಂತ ಇವನಿಂದ ಎಷ್ಟು ಗೆಲುವು ಹೆಚ್ಚು ಬಂತು ಎಂಬುದು ‘ವಾರ್’. ಆ ಬದಲಿ ಆಟಗಾರನ ಮಟ್ಟ ಎಷ್ಟು ಎಂಬುದರಲ್ಲಿ 2013ರಿಂದ ಎರಡೂ ತಾಣಗಳಿಗೆ ಒಮ್ಮತವಿದೆ: ಪೂರ್ತಿ ಸೀಸನ್‌ನ 2,430 ಪಂದ್ಯಗಳಿಗೆ ಒಟ್ಟು 1,000 ‘ವಾರ್’. ಭೇದ ಬರುವುದು ಪಿಚರ್‌ನ ಪಾಲು ಯಾವುದು ಎನ್ನುವಲ್ಲಿ.

ಬೇಸ್‌ಬಾಲ್ ರೆಫರೆನ್ಸ್ ನಿಜವಾಗಿ ಬಿಟ್ಟುಕೊಟ್ಟ ರನ್‌ಗಳಿಂದ ಹೊರಟು, ಹಿಂದೆ ನಿಂತ ಫೀಲ್ಡರ್‌ಗಳ ಗುಣಕ್ಕೆ ತಕ್ಕಂತೆ ಅದನ್ನು ಸರಿಪಡಿಸುತ್ತದೆ. ಫ್ಯಾನ್‌ಗ್ರಾಫ್ಸ್ ‘ಫಿಪ್’ ಎಂಬ ಲೆಕ್ಕದಿಂದ ಹೊರಡುತ್ತದೆ. ಅದರಲ್ಲಿ ಫೀಲ್ಡರ್‌ಗಳ ಕೈಗೆ ಹೋಗದ ಸಂಗತಿಗಳು ಮಾತ್ರ: ಹೋಮ್ ರನ್, ವಾಕ್ (ನಾಲ್ಕು ಬಾಲ್ ಆದಾಗ ಬ್ಯಾಟರ್‌ಗೆ ಸಿಗುವ ಬೇಸ್), ಮೈಗೆ ತಗುಲಿದ ಚೆಂಡು, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್).

ಲೆಕ್ಕ ಹಾಕಿಯೇ ನೋಡೋಣ. ಒಬ್ಬ ಪಿಚರ್ 180 ಇನಿಂಗ್ಸ್ ಎಸೆದಿದ್ದಾನೆ, ಅವನ ಹೆಸರಿಗೆ 80 ರನ್ ಬಿದ್ದಿವೆ, ಒಂದೂ ಫೀಲ್ಡರ್‌ಗಳ ಎರರ್‌ನಿಂದ ಬಂದದ್ದಲ್ಲ ಎನ್ನಿ. 80 ಗುಣಿಸು 9, ಭಾಗಿಸು 180: ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ಇಂಥ ರನ್, 4.00. ಇದೇ ಅವಧಿಯಲ್ಲಿ 20 ಹೋಮ್ ರನ್, 50 ವಾಕ್, 6 ಮೈತಾಗು, 190 ಸ್ಟ್ರೈಕ್‌ಔಟ್. ಹೋಮ್ ರನ್‌ಗೆ 13ರಂತೆ 260. ವಾಕ್ ಮತ್ತು ಮೈತಾಗು ಸೇರಿ 56ಕ್ಕೆ 3ರಂತೆ 168. ಸ್ಟ್ರೈಕ್‌ಔಟ್‌ಗೆ 2ರಂತೆ 380 ಕಳೆಯಿರಿ. ಉಳಿದದ್ದು 48. ಅದನ್ನು 180ರಿಂದ ಭಾಗಿಸಿದರೆ 0.27. ಇದಕ್ಕೆ ಆಯಾ ವರ್ಷದ ಸ್ಥಿರಾಂಕ, ಸಾಮಾನ್ಯವಾಗಿ 3.10ರ ಆಸುಪಾಸು, ಸೇರಿಸಿದರೆ 3.37. ಒಂದು ತಾಣಕ್ಕೆ ಈತ 4 ರನ್ನಿನ ಪಿಚರ್, ಇನ್ನೊಂದಕ್ಕೆ 3.37ರವನು. ಫೀಲ್ಡರ್‌ಗಳು ಕೈಬಿಟ್ಟರೇ, ಓಟಗಾರರು ಬೇಸ್ ಮೇಲಿದ್ದಾಗಲೇ ಹಿಟ್ ಬಿದ್ದವೇ, ಅಥವಾ ಅವನ ಚೆಂಡುಗಳೇ ಬಲವಾಗಿ ಹೊಡೆಸಿಕೊಳ್ಳುವಂಥವೇ ಎಂದು ಹುಡುಕುವುದಕ್ಕೆ ಈ ಅಂತರವೇ ಸುಳಿವು. ಆದ ವರ್ಷದಲ್ಲಿ ಏನಾಯಿತು ಎಂದು ಅಳೆಯಲು ಮೊದಲನೆಯದು, ಮುಂದಿನ ವರ್ಷ ಹೇಗೆ ಆಡಿಯಾನು ಎಂದು ಊಹಿಸಲು ಎರಡನೆಯದು ಎಂಬುದು ನಮ್ಮ ಅಭಿಪ್ರಾಯ. ಎರಡರ ಸರಾಸರಿ ತೆಗೆಯುವವರೂ ಇದ್ದಾರೆ. ಹಾಗೆ ಮಾಡಿದರೆ ಆ ಸುಳಿವೇ ಅಳಿಸಿಹೋಗುತ್ತದೆ.

ಅರ್ಧ ‘ವಾರ್’ ಹೆಚ್ಚುಕಡಿಮೆ ಇದ್ದರೆ ಇವನಿಗಿಂತ ಅವನು ಮೇಲು ಎಂದು ವಾದಕ್ಕೆ ನಿಲ್ಲಬೇಡಿ. ಅಷ್ಟು ನುಣುಪಾದ ಅಳತೆ ಅದಲ್ಲ.

ಪ್ರಶ್ನೆ: ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಬೇಸ್‌ಬಾಲ್ ದತ್ತಾಂಶ ಬೇಕು. ಪುಕ್ಕಟೆ ಎಲ್ಲಿ ಸಿಗುತ್ತದೆ? ಬೇಸ್‌ಬಾಲ್ ಸವಾಂತ್‌ನಿಂದ ಇಳಿಸಿದ ಫೈಲ್‌ನಲ್ಲಿ ಉತ್ತರಗಳು ವಿಚಿತ್ರವಾಗಿ ಬರುತ್ತಿವೆ.
(ಎಂಜಿನಿಯರಿಂಗ್ ವಿದ್ಯಾರ್ಥಿ, ಕುಶಾಲನಗರ)

ಉತ್ತರ: ಮೂರು ಗಣಿಗಳಿವೆ, ಮೂರೂ ಪುಕ್ಕಟೆ. ಸೀಸನ್ ಮಟ್ಟದ ಅಂಕಿಗೆ ಲಾಮನ್ ಡೇಟಾಬೇಸ್. ಅಮೆರಿಕದ ಬೇಸ್‌ಬಾಲ್ ಸಂಶೋಧನಾ ಸಂಘ ‘ಸೇಬರ್’ನ ತಾಣದಲ್ಲಿದೆ. ಪಂದ್ಯದ ಪ್ರತಿ ಘಟನೆಗೆ ರೆಟ್ರೋಶೀಟ್. 1989ರಲ್ಲಿ ಶುರುವಾದ ಇದನ್ನು ಸ್ವಯಂಸೇವಕರು ಹಳೆಯ ಸ್ಕೋರ್ ಹಾಳೆಗಳಿಂದ ಕಟ್ಟುತ್ತಾ ಬಂದಿದ್ದಾರೆ. ಪ್ರತಿ ಚೆಂಡಿನ ವೇಗ, ತಿರುವು, ಬ್ಯಾಟ್‌ನಿಂದ ಹೊರಟ ಕೋನ ಬೇಕಿದ್ದರೆ ನೀವು ಹೇಳಿದ ಸವಾಂತ್. ಅದರ ಹಿಂದಿರುವ ಸ್ಟ್ಯಾಟ್‌ಕಾಸ್ಟ್ ವ್ಯವಸ್ಥೆ 2015ರಲ್ಲಿ 30 ಮೈದಾನಗಳಿಗೂ ಬಂತು. 2020ರಿಂದ ಅಲ್ಲಿರುವುದು ಎಲ್‌ಬಿಡಬ್ಲ್ಯುಗೆ ನಾವು ನೋಡುವ ಹಾಕ್‌ಐ ಕ್ಯಾಮೆರಾಗಳು. ಅದಕ್ಕೂ ಮೊದಲು ಮುಖ್ಯವಾಗಿ ರೇಡಾರ್ ಇತ್ತು. ಆದ್ದರಿಂದ 2019 ಮತ್ತು 2020ರ ಅಂಕಿಗಳನ್ನು ಅಕ್ಕಪಕ್ಕ ಇಡುವಾಗ ಅಳೆಯುವ ಸಾಧನವೇ ಬದಲಾಗಿದೆ ಎಂದು ವರದಿಯಲ್ಲಿ ಬರೆಯಿರಿ.

ನಿಮ್ಮ ಫೈಲ್‌ನ ವಿಚಿತ್ರಕ್ಕೆ ನಾಲ್ಕು ಕಾರಣಗಳಿರಬಹುದು. ಮೊದಲನೆಯದಾಗಿ, ಪೈಥಾನ್‌ನ ‘ಪೈಬೇಸ್‌ಬಾಲ್’ ಬಳಸಿ ಒಂದು ಅವಧಿಯ ಎಲ್ಲ ಚೆಂಡುಗಳನ್ನು ತರಿಸಿದರೆ ‘ಪ್ಲೇಯರ್ ನೇಮ್’ ಕಾಲಂನಲ್ಲಿ ಇರುವುದು ಪಿಚರ್ ಹೆಸರು. ಬ್ಯಾಟರ್ ಬರೀ ಗುರುತಿನ ಸಂಖ್ಯೆಯಾಗಿ ಇನ್ನೊಂದು ಕಾಲಂನಲ್ಲಿ ಇರುತ್ತಾನೆ. ಇದು ಗೊತ್ತಿಲ್ಲದೆ ಹೋಮ್ ರನ್ ಎಣಿಸಿದರೆ ಹೊಡೆದವರ ಬದಲು ಹೊಡೆಸಿಕೊಂಡವರ ಪಟ್ಟಿ ಸಿಗುತ್ತದೆ! ಎರಡನೆಯದು, ಹೊಡೆತದ ವೇಗದ ಕಾಲಂ. ಬ್ಯಾಟಿಗೆ ತಾಗದ ಚೆಂಡಿಗೆ ಅದು ಖಾಲಿ, ಆದರೆ ಹಲವು ಫೌಲ್‌ಗಳಿಗೂ ಅಲ್ಲಿ ವೇಗ ತುಂಬಿರುತ್ತದೆ. ‘ಟೈಪ್’ ಕಾಲಂನಲ್ಲಿ ‘ಎಕ್ಸ್’ ಇರುವ ಸಾಲುಗಳನ್ನು ಮಾತ್ರ ಉಳಿಸಿ ಸರಾಸರಿ ತೆಗೆಯಿರಿ. ಆಟಕ್ಕೆ ಬಂದ ಚೆಂಡುಗಳು ಅವು. ಖಾಲಿ ಮನೆಗೆ ಸೊನ್ನೆ ತುಂಬಬೇಡಿ. ಮೂರನೆಯದು, ಮಾರ್ಚ್ ದಿನಾಂಕಗಳಲ್ಲಿ ಅಭ್ಯಾಸ ಪಂದ್ಯಗಳೂ ನುಸುಳುತ್ತವೆ. ‘ಗೇಮ್ ಟೈಪ್’ನಲ್ಲಿ ‘ಆರ್’ ಇಟ್ಟುಕೊಂಡು ಉಳಿದದ್ದು ತೆಗೆಯಿರಿ.

ನಾಲ್ಕನೆಯದು ಗಾತ್ರ. ಒಂದು ಸೀಸನ್‌ಗೆ ಸುಮಾರು ಏಳು ಲಕ್ಷ ಚೆಂಡುಗಳು. ಹುಡುಕು ಪುಟದಿಂದ ಒಮ್ಮೆಗೆ ಇಳಿಸಬಹುದಾದ ಸಾಲುಗಳಿಗೆ ಮಿತಿ ಇದೆ, ಮಿತಿ ದಾಟಿದ್ದು ಸದ್ದಿಲ್ಲದೆ ಕತ್ತರಿಸಿಹೋಗುತ್ತದೆ. ಐದೈದು ದಿನದ ತುಂಡು ಮಾಡಿ ತರಿಸಿ, ಜೋಡಿಸಿ, ಪಂದ್ಯಗಳನ್ನು ಎಣಿಸಿ. ಪೂರ್ತಿ ವರ್ಷಕ್ಕೆ 2,430ರ ಹತ್ತಿರ ಬರದಿದ್ದರೆ ಎಲ್ಲೋ ಒಂದು ತುಂಡು ಬಿಟ್ಟುಹೋಗಿದೆ. ಎರಡು ವರ್ಷ ಸೇರಿಸಿದರೆ ಎಕ್ಸೆಲ್‌ನ 10,48,576 ಸಾಲಿನ ಮಿತಿ ಮೀರುತ್ತದೆ, ಎಸ್‌ಕ್ಯುಲೈಟ್‌ಗೆ ಹಾಕಿಕೊಳ್ಳಿ.

ಲಾಮನ್‌ನಲ್ಲಿ ಇನ್ನೊಂದು ಗುಂಡಿ ಇದೆ. ವರ್ಷದ ನಡುವೆ ತಂಡ ಬದಲಿಸಿದವನಿಗೆ ಎರಡು ಸಾಲು, ‘ಸ್ಟಿಂಟ್’ 1 ಮತ್ತು 2. ಕೂಡಿಸದೆ ಸರಾಸರಿ ತೆಗೆದರೆ ಒಬ್ಬನೇ ಇಬ್ಬರಾಗುತ್ತಾನೆ. ಪ್ಲೇಟ್ ಅಪಿಯರೆನ್ಸ್, ಅಂದರೆ ಬ್ಯಾಟಿಂಗ್‌ಗೆ ನಿಂತ ಒಟ್ಟು ಸಲ, ಎಂಬ ಕಾಲಂ ಇಲ್ಲವೇ ಇಲ್ಲ. ಅಟ್ ಬ್ಯಾಟ್, ವಾಕ್, ಮೈತಾಗು, ಸ್ಯಾಕ್ರಿಫೈಸ್ ಹಿಟ್, ಸ್ಯಾಕ್ರಿಫೈಸ್ ಫ್ಲೈ ಐದನ್ನೂ ಕೂಡಿಸಬೇಕು. ಸ್ಯಾಕ್ರಿಫೈಸ್ ಫ್ಲೈ ಪ್ರತ್ಯೇಕವಾಗಿ ದಾಖಲಾದದ್ದು 1954ರಿಂದ, ಅದಕ್ಕೂ ಹಿಂದಿನ ಖಾಲಿ ಮನೆ ಎಂದರೆ ಸೊನ್ನೆಯಲ್ಲ, ಲೆಕ್ಕ ಇಟ್ಟಿರಲಿಲ್ಲ ಎಂದು. ಪಿಚರ್‌ನ ಇಆರ್‌ಎಗೆ ‘ಐಪಿಔಟ್ಸ್’ ಕಾಲಂ ಹಿಡಿಯಿರಿ: ಎರರ್‌ನಿಂದ ಬಂದದ್ದು ಬಿಟ್ಟು ಉಳಿದ ರನ್ ಗುಣಿಸು 27, ಭಾಗಿಸು ಔಟ್‌ಗಳು. ಬೇರೆ ತಾಣಗಳಲ್ಲಿ ಕಾಣುವ 180.1 ಇನಿಂಗ್ಸ್ ಎಂಬುದು ದಶಮಾಂಶವಲ್ಲ, 180 ಮತ್ತು ಮೂರನೇ ಒಂದು ಪಾಲು, ಅಂದರೆ 541 ಔಟ್. ಕ್ರಿಕೆಟ್‌ನ 9.3 ಓವರ್ ಒಂಬತ್ತೂವರೆ ಆಗುವಂತೆಯೇ ಇದು.

ಬೇಸ್‌ಬಾಲ್ ರೆಫರೆನ್ಸ್‌ನ ಕೋಷ್ಟಕವನ್ನು ‘ಶೇರ್ ಆ್ಯಂಡ್ ಎಕ್ಸ್‌ಪೋರ್ಟ್’ ಒತ್ತಿ ಸಿಎಸ್‌ವಿ ಮಾಡಿಕೊಳ್ಳಬಹುದು. ಪ್ರೋಗ್ರಾಂ ಬರೆದು ಒಂದರ ಹಿಂದೊಂದು ನೂರಾರು ಪುಟ ಎಳೆಯಬೇಡಿ. ನಿಮಿಷಕ್ಕೆ ಇಂತಿಷ್ಟು ಎಂಬ ಮಿತಿ ಮೀರಿದರೆ ತಾಣ ನಿಮ್ಮನ್ನು ಕೆಲಕಾಲ ಹೊರಗಿಡುತ್ತದೆ. ಹಾಸ್ಟೆಲ್‌ನ ಒಂದೇ ವೈಫೈ ಆದರೆ ಎಲ್ಲರಿಗೂ ಬಾಗಿಲು ಮುಚ್ಚೀತು. ರೆಟ್ರೋಶೀಟ್ ಬಳಸಿದರೆ ಅವರು ಕೊಟ್ಟಿರುವ ಕೃತಜ್ಞತಾ ಸಾಲನ್ನು ವರದಿಯಲ್ಲಿ ಹಾಕಲೇಬೇಕು. ಅವರು ಕೇಳುವುದು ಅದೊಂದನ್ನೇ.

ಪ್ರಶ್ನೆ: ಹಾಕಿ ಮೈದಾನದಲ್ಲೇ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೇಸ್‌ಬಾಲ್ ಆಡಿಸಬೇಕೆಂದಿದ್ದೇವೆ. ಅಳತೆ ಮತ್ತು ಸುರಕ್ಷತೆಗೆ ಯಾವ ತಾಣ ನೋಡಬೇಕು?
(ದೈಹಿಕ ಶಿಕ್ಷಕರು, ಪೊನ್ನಂಪೇಟೆ)

ಉತ್ತರ: ಅಳತೆಗೆ ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟ್ಲ್ ಲೀಗ್‌ನ ತಾಣ, ತೋಳಿನ ಸುರಕ್ಷತೆಗೆ ‘ಪಿಚ್ ಸ್ಮಾರ್ಟ್’. ದೊಡ್ಡವರ 90 ಅಡಿ ಬೇಸ್ ಅಂತರ ಈ ಮಕ್ಕಳಿಗೆ ಬೇಡ, 60 ಅಡಿ ಸಾಕು. ಪಿಚರ್ ನಿಲ್ಲುವ ದೂರ 46 ಅಡಿ.

ಎರಡು ಟೇಪು, ನಾಲ್ಕು ಗೂಟ ಬೇಕು. ಹೋಮ್ ಪ್ಲೇಟ್‌ನ ಹಿಂದಿನ ಚೂಪು ತುದಿ ಬರುವಲ್ಲಿ ಒಂದು ಗೂಟ. ಎಲ್ಲ ಅಳತೆಯೂ ಅಲ್ಲಿಂದಲೇ. ಮೈದಾನದ ನಡುವಿಗೆ ನೇರವಾಗಿ 84 ಅಡಿ 10 ಕಾಲು ಇಂಚು ಅಳೆದು ಎರಡನೇ ಬೇಸ್‌ಗೆ ಗೂಟ ಹೊಡೆಯಿರಿ. ಈ ಎರಡು ಗೂಟಗಳಿಂದಲೂ 60 ಅಡಿ ಹಿಡಿದ ಟೇಪುಗಳು ಕೂಡುವ ಜಾಗ ಬಲಕ್ಕೆ ಮೊದಲ ಬೇಸ್, ಎಡಕ್ಕೆ ಮೂರನೆಯದು. ಮೊದಲ ಮತ್ತು ಮೂರನೇ ಬೇಸ್‌ನ ಚೀಲ ಪೂರ್ತಿ ಚೌಕದ ಒಳಗೆ ಕೂರಬೇಕು, ಎರಡನೆಯದರ ನಡುಮಧ್ಯ ಗೂಟದ ಮೇಲೆ ಬರಬೇಕು. 46 ಅಡಿ ಅಳೆಯುವುದು ಪಿಚರ್ ಹಲಗೆಯ ಮುಂದಿನ ಅಂಚಿಗೆ. ಗೆರೆಗೆ ಸುಟ್ಟ ಸುಣ್ಣ ಬೇಡವೇ ಬೇಡ, ಜಾರಿ ಬೀಳುವ ಆಟದಲ್ಲಿ ಅದು ಕಣ್ಣು ಸುಡುತ್ತದೆ. ಸೀಮೆಸುಣ್ಣದ ಪುಡಿ ಬಳಸಿ.

ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಾಡಿದ ಪಿಚ್ ಸ್ಮಾರ್ಟ್ ಪಟ್ಟಿ ಪ್ರಕಾರ ದಿನಕ್ಕೆ 9–10 ವರ್ಷದವರು 75, 11–12ರವರು 85 ಚೆಂಡಿಗಿಂತ ಹೆಚ್ಚು ಎಸೆಯಬಾರದು. 20ರವರೆಗೆ ಎಸೆದರೆ ಮರುದಿನವೂ ಎಸೆಯಬಹುದು. 21–35ಕ್ಕೆ ಒಂದು ದಿನ, 36–50ಕ್ಕೆ ಎರಡು, 51–65ಕ್ಕೆ ಮೂರು, ಅದಕ್ಕೂ ಮೇಲಾದರೆ ನಾಲ್ಕು ದಿನ ವಿಶ್ರಾಂತಿ. ಎಸೆದವನನ್ನು ಅದೇ ದಿನ ಕ್ಯಾಚರ್ ಮಾಡಬೇಡಿ. ಕ್ಯಾಚರ್‌ಗೂ ಪ್ರತಿ ಚೆಂಡಿಗೆ ಒಂದು ಎಸೆತ ಇದ್ದೇ ಇರುತ್ತದೆ, ತೋಳಿಗೆ ಬಿಡುವು ಸಿಗುವುದಿಲ್ಲ. ಎಣಿಕೆಗೆ ‘ಗೇಮ್‌ಚೇಂಜರ್’ ಆ್ಯಪ್ ಇದೆ. ಒಬ್ಬ ವಿದ್ಯಾರ್ಥಿಯ ಕೈಗೆ ಪುಸ್ತಕ ಕೊಟ್ಟು ಗೀಟು ಹಾಕಿಸಿದರೂ ನಡೆಯುತ್ತದೆ, ಆದರೆ ಎಣಿಕೆ ಮಾತ್ರ ತಪ್ಪಬಾರದು.

ಪ್ರಶ್ನೆ: ಅಂಕಿ ಸಾಕು, ಆಟದ ಹಳೆಯ ಕಾಲದ ಬಗ್ಗೆ ಓದಬೇಕು. ಎಲ್ಲಿ?
(ನಿವೃತ್ತ ಶಿಕ್ಷಕಿ, ಸೋಮವಾರಪೇಟೆ)

ಉತ್ತರ: ಸೇಬರ್‌ನ ‘ಬಯೋಪ್ರಾಜೆಕ್ಟ್’. ಆಟಗಾರರ ಸಾವಿರಾರು ಜೀವನಚಿತ್ರಗಳು, ಪ್ರತಿಯೊಂದಕ್ಕೂ ಆಧಾರ ಸಹಿತ, ಸದಸ್ಯತ್ವವಿಲ್ಲದೆ ಓದಬಹುದು. ವರ್ಣಭೇದದ ಕಾಲದಲ್ಲಿ ಕರಿಯ ಆಟಗಾರರು ಆಡಿದ ನೀಗ್ರೋ ಲೀಗ್‌ಗಳಿಗೆ ‘ಸೀಮ್‌ಹೆಡ್ಸ್’ ತಾಣ ನೋಡಿ. ಹಳೆಯ ಪತ್ರಿಕೆಗಳ ವರದಿ ಕೆದಕಿ ಒಂದೊಂದೇ ಪಂದ್ಯ ಹುಡುಕಿ ತೆಗೆದ ಕೆಲಸ ಅದು. ಈ ಲೀಗ್‌ಗಳನ್ನು 2020ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್ ಎಂದು ಮಾನ್ಯ ಮಾಡಲಾಯಿತು. 2024ರ ಮೇ ತಿಂಗಳಲ್ಲಿ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದವು, ನೀಗ್ರೋ ಲೀಗ್‌ನ ಜೋಶ್ ಗಿಬ್ಸನ್ .372 ಜೀವಮಾನದ ಬ್ಯಾಟಿಂಗ್ ಸರಾಸರಿಯೊಂದಿಗೆ ಟೈ ಕಾಬ್ ಅವರನ್ನು ಹಿಂದಿಕ್ಕಿ ಮೊದಲಿಗರಾದರು.

ಅಂಕಿ ಸಾಕು ಎಂದಿದ್ದೀರಿ, ಆದರೂ ಒಂದನ್ನು ನೋಡಿ. ಅದೇ ಟೈ ಕಾಬ್ ಅವರ ಒಟ್ಟು ಹಿಟ್ ಎಂಎಲ್‌ಬಿ ತಾಣದಲ್ಲಿ 4,191, ಬೇಸ್‌ಬಾಲ್ ರೆಫರೆನ್ಸ್‌ನಲ್ಲಿ 4,189. 1910ರಲ್ಲಿ ಎರಡು ಹಿಟ್ ಹೊಡೆದ ಒಂದು ಪಂದ್ಯವನ್ನು ಲೆಕ್ಕದ ಪುಸ್ತಕದಲ್ಲಿ ಎರಡು ಸಲ ಬರೆಯಲಾಗಿತ್ತು. ಸೇಬರ್ ಸಂಶೋಧಕ ಪೀಟ್ ಪಾಮರ್ ಅದನ್ನು ಪತ್ತೆ ಹಚ್ಚಿದರು. ಒಂದು ತಾಣ ತಿದ್ದಿಕೊಂಡಿದೆ, ಇನ್ನೊಂದು ಹಳೆಯದನ್ನೇ ಉಳಿಸಿಕೊಂಡಿದೆ. ಬಯೋಪ್ರಾಜೆಕ್ಟ್‌ನಲ್ಲಿ ಕಾಬ್ ಅವರ ಬರಹದಿಂದಲೇ ನಿಮ್ಮ ಓದು ಶುರುವಾಗಲಿ.